ಹುಲಿಗೆಮ್ಮ ಆಡದ ಮಾತು

ಸುಜಾತಾ ಟೀಚರ್, "ಹಳೀ ಮನಿ, ಬೀಳೂದಿತ್ತು, ಬಿತ್ತು" ಅಂತ ನಿಮ್ಮ ಅವ್ವ ಹೇಳಲಿಲ್ಲ. ಹೇಳಿದವನು ನಾನು. ಅವರು ಬರೀ "ಹೌದ್ರೀ ಯಪ್ಪಾ" ಅಂದರು. ನನ್ನ ಮಾತನ್ನು ಅವರ ಬಾಯಿಗೆ ತುರುಕಿ ಇಂಗ್ಲಿಷಿನಲ್ಲಿ ಬರೆದೆ, ಕೆಳಗೆ ಅವರ ಸಹಿ ತೆಗೆದುಕೊಂಡೆ. ನಿಮ್ಮ ಮನೆಯ ವಿಮೆ ಅರ್ಜಿ ತಿರಸ್ಕಾರವಾದದ್ದು ಆ ಒಂದು ಸಾಲಿನಿಂದ. ಇದನ್ನು ಮೂರು ವರ್ಷಕ್ಕೂ ಮೇಲೆ ಹೊಟ್ಟೆಯಲ್ಲಿ ಇಟ್ಟುಕೊಂಡು ಉಂಡೆ, ತಿರುಗಾಡಿದೆ, ಮಲಗಿದೆ — ಚೆನ್ನಾಗಿಯೇ ಮಲಗಿದೆ, ಸುಳ್ಳೇಕೆ. ಹೋದ ತಿಂಗಳು ಕಲ್ಲೂರಿನ ನಿಮ್ಮ ಸಾಲಿಯಲ್ಲಿ ಚಹಾ ಕುಡಿದು ಬಂದ ಮೇಲೆ ಮಾತ್ರ ಇದನ್ನು ಬರೆಯಲು ಕೂತಿದ್ದೇನೆ.

ಮೊದಲಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ನಿಮಗೆ ಗೊತ್ತಿರುವುದರಲ್ಲಿ ಅರ್ಧ ನಾನು ಬರೆದದ್ದು.

ಆ ಮೇ ತಿಂಗಳ ಬಿರುಗಾಳಿಗೆ ದೇವದುರ್ಗದಲ್ಲಿ ಬಹಳ ಮನೆಗಳ ತಗಡು ಹಾರಿದ್ದವು. ನಿಮ್ಮದು ಹಿಂದೆ ಎರಡು ಕಲ್ಲಿನ ಕೋಣೆ, ನಿಮ್ಮ ಅಪ್ಪ ಇದ್ದಾಗಿನವು. ಅದರ ಮುಂದೆ ನೀವು ನೌಕರಿ ಸೇರಿದ ಮೇಲೆ ಬ್ಯಾಂಕಿನ ಸಾಲ ತೆಗೆದು ಇಟ್ಟಂಗಿಯಲ್ಲಿ ಕಟ್ಟಿಸಿದ ಪಡಸಾಲೆ, ಒಂದು ಕೋಣೆ, ಮೇಲೆ ತಗಡು. ಕೂಲಿ ಮಾಡಿದ ಮನೆತನದಲ್ಲಿ ಇಟ್ಟಂಗಿಯ ಗೋಡೆ ಕಂಡ ಮೊದಲ ಮಂದಿ ನೀವು. ಬ್ಯಾಂಕಿನವರು ಸಾಲದ ಜೊತೆಗೇ ಮನೆಯ ವಿಮೆಯನ್ನೂ ಮಾಡಿಸಿದ್ದರು. ನಾನು ಆ ವಿಮಾ ಕಂಪನಿ ಕಳಿಸಿದ ಸರ್ವೇಯರ್ — ಏನು ಹಾಳಾಯಿತು, ಯಾವುದರಿಂದ ಹಾಳಾಯಿತು ಅಂತ ನೋಡಿ ವರದಿ ಬರೆಯುವವನು.

ನಾನು ಮನೆ ನೋಡಲು ಹೋದ ದಿನ ನೀವು ಡ್ಯೂಟಿ ಮೇಲೆ ರಾಯಚೂರಿಗೆ ಬಂದಿದ್ದಿರಿ. ಅವ್ವ ಇದ್ದಾಳೆ, ಎಲ್ಲಾ ತೋರಿಸುತ್ತಾಳೆ ಅಂತ ಫೋನಿನಲ್ಲಿ ಹೇಳಿದಿರಿ. ನಾನು ದೇವದುರ್ಗ ಮುಟ್ಟಿದಾಗ ಮಧ್ಯಾಹ್ನ, ಬಿಸಿಲು ನೆತ್ತಿ ಸುಡುತ್ತಿತ್ತು.

ನಿಮ್ಮ ಅವ್ವ ಬಿದ್ದ ಇಟ್ಟಂಗಿ ಒಂದನ್ನೂ ಸರಿಸಿರಲಿಲ್ಲ. ಮಗಳು ಮುಟ್ಟಬೇಡ ಅಂದಿದ್ದಾಳಂತೆ, ಸಾಹೇಬರು ಬಂದು ನೋಡಬೇಕಂತೆ. ಆರು ದಿನದಿಂದ ಆ ರಾಶಿಯನ್ನು ಸುತ್ತು ಹಾಕಿಕೊಂಡೇ ನೀರು ತರುತ್ತಿದ್ದರು. ತಗಡನ್ನು ಹಿಡಿದಿಡುವ ಕೊಕ್ಕೆ ಬೋಲ್ಟುಗಳನ್ನು ಮಾತ್ರ, ಗುಜರಿಯವರು ಆರಿಸಿಕೊಂಡು ಹೋದಾರು ಅಂತ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಆ ಡಬ್ಬಿ ತಂದು ನನ್ನ ಮುಂದೆ ಸುರುವಿದರು. ಕೊಕ್ಕೆಗಳೆಲ್ಲ ನೆಟ್ಟಗಾಗಿದ್ದವು.

ಟೀಚರ್, ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗಾಳಿ ತಗಡಿನ ಕೆಳಗೆ ಹೊಕ್ಕು ಮೇಲಕ್ಕೆ ಜಗ್ಗಿದರೆ ಮಾತ್ರ ಕೊಕ್ಕೆ ಹಾಗೆ ಬಿಚ್ಚಿಕೊಳ್ಳುತ್ತದೆ. ತಗಡಿನ ಜೊತೆ ಗೋಡೆಯ ಮೇಲಿನ ಸಾಲುಗಳೂ ಕಿತ್ತು ಬಂದಿದ್ದವು. ಮುರಿದ ಕಡೆ ಸಿಮೆಂಟು ಉಗುರಿಗೆ ಹತ್ತುತ್ತಿರಲಿಲ್ಲ, ಅಷ್ಟು ಗಟ್ಟಿ. ಹಿಂದಿನ ಕಲ್ಲಿನ ಕೋಣೆಗಳು ಕದಲದೆ ನಿಂತಿದ್ದವು. ಬಿದ್ದದ್ದು ಹೊಸದು, ನಿಂತದ್ದು ಹಳೆಯದು — ಕುರುಡನಿಗೂ ತಿಳಿಯುವಂಥದ್ದು. ನಾನು ಕೊಕ್ಕೆಗಳ ಒಂದು ಫೋಟೊ, ಗೋಡೆಯ ಒಂದು ಫೋಟೊ ತೆಗೆದೆ.

ಅವ್ವ ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೊಟ್ಟರು. ತಾವು ಇಟ್ಟಂಗಿಯ ಮೇಲೆ ಕೂತರು. ಉಂಡು ಬಂದೀರೇನು ಅಂತ ಕೇಳಿದರು. ಅಲ್ಲಿ, ಆ ಕುರ್ಚಿಯ ಮೇಲೆ ಕೂತು, ನಾನು ಹೇಳಿದೆ: "ಹೋಗ್ಲಿ ಬಿಡಬೇ ಯವ್ವಾ. ಹಳೀ ಮನಿ, ಬೀಳೂದಿತ್ತು, ಬಿತ್ತು. ಜೀವ ಉಳದ್ವಲ್ಲ, ಅಷ್ಟ ಸಾಕು."

ನಮ್ಮ ಕಡೆ ಮಾತಾಡಿಸಲಿಕ್ಕೆ ಹೋಗುವುದು ಅಂತ ಒಂದು ರೀತಿ ಇದೆಯಲ್ಲ. ಮನೆಯಲ್ಲಿ ಸಾವೋ ನೋವೋ ಆದರೆ ಹೋಗಿ ಕೂತು ನಾಲ್ಕು ಮಾತು ಆಡಿ ಬರುವುದು. ಹೋದವರು ಹೋದದ್ದನ್ನು ಸಣ್ಣದು ಮಾಡಿ ಹೇಳಬೇಕು. ವಯಸ್ಸಾಗಿತ್ತು ಬಿಡ್ರಿ, ಋಣ ತೀರಿತ್ತು ಬಿಡ್ರಿ. ಮನೆಯವರು "ಹೌದ್ರಿ" ಅನ್ನಬೇಕು. ಎಂಥ ಹರೆಯದ ಮಗ ಸತ್ತಿದ್ದರೂ, ಸಮಾಧಾನ ಹೇಳಲು ಬಂದವರ ಮುಂದೆ ಇಲ್ಲ ಅನ್ನಬಾರದು. ನಾನೂ ಇದೇ ಸೀಮೆಯ ಕುರ್ಡಿಯಲ್ಲಿ ಹುಟ್ಟಿ ಬೆಳೆದವನು. ನನ್ನ ಅಪ್ಪ ಸತ್ತಾಗ ಇಂಥ "ಹೌದ್ರಿ"ಗಳನ್ನು ಹದಿಮೂರು ದಿನ ನಾನೇ ಅಂದವನು. ಆ ಹೌದಿಗೆ ಅರ್ಥ ಹೌದು ಅಂತಲ್ಲ, ನೀವು ಬಂದಿರಲ್ಲ ಅಷ್ಟೇ ದೊಡ್ಡದು ಅಂತ. ಇದು ನನಗೆ ಗೊತ್ತಿತ್ತು, ಟೀಚರ್. ಕಂಪನಿಯವರಿಗೆ ಗೊತ್ತಿರಲಿಲ್ಲ, ಇಂಗ್ಲಿಷಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ — ಆ ಮಾತನ್ನು ಸಮಾಧಾನಕ್ಕೆ ಆಡಿದೆನೋ, ಗಾಳ ಹಾಕಲಿಕ್ಕೆ ಆಡಿದೆನೋ. ಆಡುವಾಗ ಸಮಾಧಾನಕ್ಕೇ ಆಡಿದ್ದು. ಇದು ಖರೆ. ಆದರೆ ಅವರು ತಲೆ ಅಲ್ಲಾಡಿಸಿ "ಹೌದ್ರೀ ಯಪ್ಪಾ" ಅಂದ ಕೂಡಲೇ ನನ್ನೊಳಗೆ ಇನ್ನೊಬ್ಬ ಎದ್ದು ಕೂತ. ಆ ವಾರದಲ್ಲಿ ನನ್ನ ಎರಡು ವರದಿಗಳು ಆಫೀಸಿನಿಂದ ವಾಪಸ್ ಬಂದಿದ್ದವು. ಗಾಳಿ ಎಲ್ಲರ ಮನೆಗೂ ಬೀಸಿದೆ, ಹಳೆಯ ಮನೆ ಯಾವುದು ಅಂತ ಸ್ವಲ್ಪ ನೋಡಿ ಬರೆಯಿರಿ ಅಂತ ಅಲ್ಲಿನ ಅಧಿಕಾರಿ ನಗುತ್ತಲೇ ಹೇಳಿದ್ದ. ಹಳೆಯದು ತಾನಾಗಿ ಬಿತ್ತು ಅಂದರೆ ಕಂಪನಿ ಹಣ ಕೊಡಬೇಕಿಲ್ಲ. ಮುಂದಿನ ಕೆಲಸ ಕೊಡುವವನು ಅವನು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ನಾನು ನಿಮ್ಮ ಮನೆ ಕೆಡವಿದ ಗಾಳಿಯಲ್ಲಿ ತೂರಿಕೊಂಡೆ. ಅವನು ಹೆದರಿಸಿರಲಿಲ್ಲ, ಬಲವಂತ ಮಾಡಿರಲಿಲ್ಲ. ಆ ಸಾಲನ್ನು ಬರೀ ಅಂತ ಯಾರೂ ಹೇಳಿರಲಿಲ್ಲ.

ಬರೆದೆ. ಮನೆ ಹಳೆಯದು, ಬೀಳುವ ಸ್ಥಿತಿಯಲ್ಲೇ ಇತ್ತು ಎಂದು ಮನೆಯವರೇ ಒಪ್ಪಿಕೊಂಡಿದ್ದಾರೆ — ಇಂಗ್ಲಿಷಿನಲ್ಲಿ ಒಂದೂವರೆ ಸಾಲು. ಹೆಬ್ಬಟ್ಟು ಒತ್ತಿಸಿಕೊಳ್ಳಲು ಮಸಿಯ ಡಬ್ಬಿ ತೆಗೆದೆ. ಅವರಿಗೆ ನಗು ಬಂತು. "ಹೆಬ್ಬಟ್ಟ ಬ್ಯಾಡ್ರಿ, ನನಗ ಸಹಿ ಬರ್ತದ. ಮಗಳು ಕಲಿಸ್ಯಾಳ" ಅಂದರು. ಪೆನ್ನನ್ನು ಬಿಗಿಯಾಗಿ ಹಿಡಿದು, ನಾಲಿಗೆ ಕಚ್ಚಿ, ಹುಲಿಗೆಮ್ಮ ಅಂತ ಬರೆದರು. ಒತ್ತಕ್ಷರದ ಹತ್ತಿರ ಸ್ವಲ್ಪ ತಡೆದು ಮತ್ತೆ ಬರೆದರು. ಬರೆದ ಮೇಲೆ ಕೇಳಿದರು: "ಏನ್ ಬರದೀರ್ರೀ ಯಪ್ಪಾ ಇದರಾಗ?"

"ನೀವು ಹೇಳಿದ್ದ ಬರದೀನಿ ಬಿಡ್ರಿ" ಅಂದೆ.

ಆ ಎರಡು ಫೋಟೊಗಳನ್ನು ವರದಿಗೆ ಲಗತ್ತಿಸಲಿಲ್ಲ.

ಮುಂದಿನದು ನಿಮಗೆ ಗೊತ್ತು. ಹಳೆಯ ಕಟ್ಟಡ ತಾನಾಗಿ ಕುಸಿದದ್ದು, ಬಿರುಗಾಳಿಯ ಹಾನಿ ಅಲ್ಲ ಅಂತ ಕಂಪನಿ ನಿಮ್ಮ ಅರ್ಜಿಯನ್ನು ತಳ್ಳಿಹಾಕಿತು. ನೀವು ಬಿಡುವವರಲ್ಲ. ಗ್ರಾಹಕರ ಕೋರ್ಟಿನಲ್ಲಿ ತಕರಾರು ಹಾಕಿದಿರಿ. ಮೇಸ್ತ್ರಿಯ ಹೇಳಿಕೆ ತಂದಿರಿ, ಕಟ್ಟಿಸಿದ ವರ್ಷದ ಕಾಗದ ತಂದಿರಿ. ರಜೆ ಹಾಕಿ ಹಾಕಿ ರಾಯಚೂರಿಗೆ ಓಡಾಡಿದಿರಿ. ಕಡೆಗೆ ವಿಚಾರಣೆಯ ದಿನ ನನ್ನನ್ನೂ ಕರೆದರು. ನೀವು ಮುಂದೆ ಕೂತಿದ್ದಿರಿ, ಅವ್ವ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಗುರುತು ಹಿಡಿದು ಕೈ ಮುಗಿದರು. ಪರಿಚಯದವನು ಒಬ್ಬ ಸಿಕ್ಕ ಅಂತ ಅವರ ಮುಖದಲ್ಲಿ ಒಂದು ಧೈರ್ಯ ಬಂದದ್ದನ್ನು ನಾನು ನೋಡಿದೆ.

ವಿಚಾರಣೆಗೆ ಕೂತ ಸಾಹೇಬರು ಕಾಗದ ತೋರಿಸಿ, ಇದು ನಿಮ್ಮ ಸಹಿ ಏನಮ್ಮ ಅಂತ ಕೇಳಿದರು. ಹೌದ್ರಿ ಅಂದರು. ಮನೆ ಹಳೆಯದು, ಬೀಳುವುದಿತ್ತು ಅನ್ನುವ ಮಾತು ಆಗಿತ್ತಾ ಅಂತ ಕೇಳಿದರು. ಅವ್ವ ಸುಳ್ಳು ಹೇಳುವವರಲ್ಲ. ಆ ಮಾತು ಆಗಿತ್ತು, ಖರೆ.

"ಆಗಿತ್ರಿ. ಈ ಯಪ್ಪಾರು ಬಂದಾಗ..." ಅಂತ ಶುರುಮಾಡಿ ನನ್ನ ಕಡೆ ತಿರುಗಿದರು. ಮುಂದಿನದನ್ನು ನಾನು ಹೇಳುತ್ತೇನೆ ಅಂತ ಕಾಯುತ್ತಿದ್ದರು. ನಾನು ಆಡಿದ ಮಾತು, ನಾನೇ ಹೇಳಬೇಕಲ್ಲ! ಸಾಹೇಬರು ನನ್ನನ್ನು ಕೇಳಿದರು. ನಾನು ಫೈಲಿನಲ್ಲಿ ಕಣ್ಣಿಟ್ಟು, "ಹೌದು ಸರ್, ಅವರೇ ಹೇಳಿದ್ದು" ಅಂದೆ. ತಲೆ ಎತ್ತಿದಾಗ ಅವರು ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ತಮಗೇ ನೆನಪು ತಪ್ಪಿತೇನೋ ಅಂತ ಗಾಬರಿಯಾಗಿದ್ದರು. ನನ್ನ ಆ ಒಂದು ಮಾತಿನ ಮೇಲೆ ನಿಮ್ಮ ತಕರಾರು ಬಿದ್ದುಹೋಯಿತು.

ಹೊರಗೆ ಮೆಟ್ಟಿಲ ಮೇಲೆ ನೀವು ಅವ್ವನಿಗೆ ಅಂದದ್ದು ನನಗೆ ಕೇಳಿಸಿತು. "ನಿನ್ನ ಬಾಯಿಂದನ ಮನಿ ಹೋತು ನೋಡಬೇ ಯವ್ವಾ. ಒಂದೀಟು ಸುಮ್ಮ ಇರಾಕ ಆಗಲಿಲ್ಲ ನಿನಗ?" ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ಮೂರು ಮೆಟ್ಟಿಲು ಮೇಲಿದ್ದೆ. ಮೂರು ಮೆಟ್ಟಿಲು ಇಳಿದು ಒಂದು ಮಾತು ಹೇಳಿದ್ದರೆ... ಇಳಿಯಲಿಲ್ಲ. ಹಿಂದಿನ ಬಾಗಿಲಿಂದ ಹೋಗಿ ಗಾಡಿ ಹತ್ತಿದೆ.

ಆಮೇಲೆ ಮೂರು ವರ್ಷ ನಿಮ್ಮ ಸುದ್ದಿ ಇರಲಿಲ್ಲ. ಹೋದ ತಿಂಗಳು ಒಂದು ಹತ್ತಿ ಗೋದಾಮು ನೋಡಲು ಕಲ್ಲೂರಿಗೆ ಬಂದೆ. ಸಾಲಿಯ ಗೇಟಿನಲ್ಲಿ ನೀವೇ ಗುರುತು ಹಿಡಿದು ಕರೆದಿರಿ. ತಪ್ಪಿಸಿಕೊಂಡು ಹೋಗಬೇಕು ಅನ್ನಿಸಿತು, ಆಗಲಿಲ್ಲ. ಒಳಗೆ ಕೂಡಿಸಿ ಚಹಾ ತರಿಸಿದಿರಿ. ಈ ಸಾಲಿಗೆ ವರ್ಗ ಆಯಿತು, ಈಗ ಮಾನ್ವಿಯಲ್ಲಿ ಬಾಡಿಗೆ ಮನೆ, ಅಲ್ಲಿಂದಲೇ ಓಡಾಡುತ್ತೇನೆ ಅಂದಿರಿ. ಅವ್ವ ಹೇಗಿದ್ದಾರೆ ಅಂತ ಕೇಳಿದೆ.

ನೀವು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಬರೆಯದಿದ್ದರೆ ಇದರಿಂದಲೂ ತಪ್ಪಿಸಿಕೊಂಡ ಹಾಗಾಗುತ್ತದೆ.

ವಿಚಾರಣೆಯ ದಿನದಿಂದ ಅವ್ವ ಹೊರಗಿನವರ ಜೊತೆ ಮಾತು ಬಿಟ್ಟರು ಅಂದಿರಿ. ಗ್ಯಾಸಿನವನು ಬಂದರೂ, ಪಕ್ಕದ ಮನೆಯವರು ಉಂಡಿರೇನು ಅಂದರೂ, "ನನ್ನ ಕೇಳಬ್ಯಾಡ್ರಿ, ಮಗಳನ್ನ ಕೇಳ್ರಿ" ಅನ್ನುತ್ತಿದ್ದರಂತೆ. ಹೋದ ವರ್ಷ ನೀವು ಸಾಲಿಯಲ್ಲಿದ್ದಾಗ ಎದೆ ಹಿಡಿದುಕೊಂಡಿತು. ಬಾಗಿಲಲ್ಲಿ ಕುಸಿದು ಕೂತದ್ದಷ್ಟನ್ನೇ ಕಂಡು ಪಕ್ಕದ ಮನೆಯವರು ಆಟೋದಲ್ಲಿ ದವಾಖಾನೆಗೆ ಒಯ್ದರು. ಎಲ್ಲಿ ನೋವು, ಯಾವಾಗಿನಿಂದ ಅಂತ ಡಾಕ್ಟರು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. "ಮಗಳು ಬರ್ಲಿ, ಆಕಿ ಹೇಳ್ತಾಳ" ಅಂದದ್ದು ಅಷ್ಟೇ. ಬಿಸಿಲಿಗೆ ತಲೆ ತಿರುಗಿ ಬವಳಿ ಬಂದಿರಬೇಕು ಅಂತ ಅವರು ಸಲಾಯಿನ್ ಹಚ್ಚಿ ಮಲಗಿಸಿದರು. ಕಲ್ಲೂರಿನಿಂದ ನೀವು ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಚಹಾದ ಲೋಟ ಸರಿಸುತ್ತಾ ನೀವು ಅಂದಿರಿ: "ಆಕಿಗೆ ಮಾತಾಡಾಕ ಅಂಜಿಕಿ ಹಚ್ಚಿದಾಕಿ ನಾನ ರೀ ಸರ್. ನಿಮ್ಮದೇನು ತಪ್ಪು? ನೀವು ಆಕಿ ಹೇಳಿದ್ದ ಬರದೀರಿ."

ನಾನು ಏನು ಮಾಡಿದೆ ಗೊತ್ತಲ್ಲ. ಲೋಟ ಕೆಳಗಿಟ್ಟು, ನಿಮ್ಮ ಮುಖ ನೋಡಿ, "ಹೋಗ್ಲಿ ಬಿಡ್ರಿ ಟೀಚರ್, ವಯಸ್ಸಾಗಿತ್ತು" ಅಂದೆ. ನನ್ನ ಬಾಯಿ ಸುಟ್ಟುಹೋಗಲಿ. ನೀವೂ "ಹೌದ್ರಿ ಸರ್" ಅಂದಿರಿ. ನಿಮ್ಮ ಕಣ್ಣು ತುಂಬಿತ್ತು.

ಅಲ್ಲ, ಟೀಚರ್. ಅವರಿಗೆ ಅಂಜಿಕೆ ಹಚ್ಚಿದವನು ನಾನು. ನೀವು ನಂಬಿದ್ದು ನನ್ನ ಸುಳ್ಳನ್ನು. ಆ ಸುಳ್ಳು ಇಲ್ಲದಿದ್ದರೆ ಮೆಟ್ಟಿಲ ಮೇಲೆ ನೀವು ಆ ಮಾತು ಆಡುತ್ತಿರಲಿಲ್ಲ, ಅವ್ವ ಡಾಕ್ಟರ ಮುಂದೆ ಎದೆನೋವು ಅನ್ನುತ್ತಿದ್ದರು. ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅನ್ನುತ್ತಿದ್ದರು, ಅಷ್ಟು ಗೊತ್ತು. ತಮ್ಮ ಬಾಯಿಯೇ ಮಗಳ ಮನೆ ಕೆಡವಿತು ಅಂತ ತಿಳಿದುಕೊಂಡೇ ಅವರು ಹೋದರು. ಹಾಗಲ್ಲ ಅಂತ ಅವರಿಗೆ ತಿಳಿಸಿ ಹೇಳುವ ದಾರಿ ಈಗ ನನಗೂ ಇಲ್ಲ, ನಿಮಗೂ ಇಲ್ಲ.

ಇದನ್ನೇ ವಕೀಲರ ಮುಂದೆ ಪ್ರಮಾಣ ಮಾಡಿ ಬರೆಸಿದ್ದೇನೆ. ಆ ಎರಡು ಫೋಟೊ, ಅವ್ವನ ಸಹಿ ಇರುವ ಕಾಗದದ ನಕಲು ಅದರ ಜೊತೆ ಇವೆ. ತಕರಾರು ಮತ್ತೆ ಎತ್ತಲು ಬರುತ್ತದೋ ಇಲ್ಲವೋ, ನಿಮ್ಮ ವಕೀಲರು ನೋಡಲಿ. ಎಲ್ಲಿಗೆ ಕರೆದರೂ ಬಂದು ಹೇಳುತ್ತೇನೆ. ಲೈಸೆನ್ಸ್ ಹೋಗುತ್ತದೆ, ಕೇಸೂ ಆಗಬಹುದು. ಆಗಲಿ. ಕ್ಷಮಿಸಿ ಅಂತ ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಅದನ್ನು ಕೇಳಬೇಕಾದದ್ದು ಅವರ ಹತ್ತಿರ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಮುಂಜಾನೆ ಮಾನ್ವಿಗೆ ನಾನೇ ತಂದು ನಿಮ್ಮ ಕೈಯಲ್ಲಿ ಕೊಡುತ್ತೇನೆ. ನೀವು ಓದಿ ಮುಗಿಸುವ ತನಕ ಬಾಗಿಲ ಹೊರಗೆ ನಿಂತಿರುತ್ತೇನೆ. ಏನು ಅನ್ನುತ್ತೀರೋ ಅನ್ನಿರಿ, ಏನೂ ಅನ್ನದಿದ್ದರೂ ನಿಲ್ಲುತ್ತೇನೆ. ಒಳಗೆ ಮಾತ್ರ ಕರೆಯಬೇಡಿ.