ಮಣ್ಣಿನ ಮಾಳಿಗೆಯ ಮೇಲೆ ಸಿಮೆಂಟು

ಬೇವೂರಿನ ಗೌಂಡಿ ಪಕ್ಕೀರಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ ಬಿಡಿ. ನಲವತ್ತು ವರ್ಷ ತೂಗುಗುಂಡು ಹಿಡಿದವನಿಗೆ ಸೊಟ್ಟ ಗೋಡೆ ಕಂಡರೆ ಸಿಟ್ಟು ಬಾರದೆ ನಗು ಬರುತ್ತದೇನು? ಆದರೆ ಈ ಸಲ ಮುಂಗಾರಿನ ಮುಂಚೆ ಬಂದ ಸಿಟ್ಟೇ ಬೇರೆ. ಅದು ಅವನನ್ನೂ ಬಿಡಲಿಲ್ಲ.

ಅಂದು ಅಂಗನವಾಡಿಯ ಮುಂದೆ ಜೀಪು ಬಂದು ನಿಂತಿತು. ಇಳಿದವನು ಇಂಜಿನಿಯರ್ ಕಾಶಿನಾಥ. ಅಂಗನವಾಡಿ ಹಳೇ ಕಟ್ಟಡ: ಕಲ್ಲಿನ ಗೋಡೆ, ಬೇವಿನ ತೊಲೆ, ಮೇಲೆ ಸೊಪ್ಪು ಹಾಸಿ ಸವಳು ಮಣ್ಣು ಹೊದಿಸಿದ ಮಾಳಿಗೆ. ಕಟ್ಟಿದವನು ಪಕ್ಕೀರಪ್ಪನ ಅಪ್ಪ. ಕಾಶಿನಾಥ ಒಳಗೆ ಹೋಗಿ ಸ್ಟೂಲು ಹತ್ತಿ ತೊಲೆಗೆ ಪೆನ್ನು ಚುಚ್ಚಿದ. ಹಿಟ್ಟಿನಂತೆ ಉದುರಿತು. ಕೊಪ್ಪಳದಲ್ಲಿ ಮೂರು ದಿನ ಸುಸ್ಥಿರ ಅಭಿವೃದ್ಧಿಯ ತರಬೇತಿ ಪಡೆದು ಬಂದಿದ್ದನಂತೆ. ಮಣ್ಣಿನ ಮಾಳಿಗೆ ಸುಸ್ಥಿರ ಅಲ್ಲ, ಇದನ್ನು ಕೆಡವಿ ಗಾಜು, ಕಬ್ಬಿಣ ಹಾಕಿ ಹಸಿರು ಕಟ್ಟಡ ಕಟ್ಟಿಸುತ್ತೇನೆ ಎಂದ. ಮಣ್ಣಿನ ದೋಷದಿಂದ ತೊಲೆ ಕೊಳೆತಿದೆ ಎಂದು ಹಾಳೆಯಲ್ಲಿ ಬರೆದು, ಊರಿನ ಹಿರಿಯ ಗೌಂಡಿ ನೀನೂ ಸಹಿ ಹಾಕು ಎಂದು ಪಕ್ಕೀರಪ್ಪನ ಮುಂದೆ ಹಿಡಿದ.

ಪಕ್ಕೀರಪ್ಪನ ಮೈ ಉರಿದುಹೋಯಿತು. ಎಂಟು ವರ್ಷದ ಹಿಂದೆ ಇದೇ ಕಾಶಿನಾಥ ಇದೇ ಅಂಗಳದಲ್ಲಿ ನಿಂತು, ವರ್ಷಾ ವರ್ಷಾ ಮಾಳಿಗೆಗೆ ಮಣ್ಣು ಹೊರುವುದು ದಡ್ಡರ ಕೆಲಸ, ಒಂದು ಸಲ ಸಿಮೆಂಟು ಬಳಿದುಬಿಟ್ಟರೆ ಮೊಮ್ಮಕ್ಕಳ ಕಾಲದವರೆಗೂ ಚಿಂತೆಯಿಲ್ಲ ಎಂದಿದ್ದ. ಮಾಳಿಗೆ ಮಳೆಯಲ್ಲಿ ಕುಡಿದದ್ದನ್ನು ಬಿಸಿಲಲ್ಲಿ ಬಿಡಬೇಕು ಎಂದು ಪಕ್ಕೀರಪ್ಪನಿಗೆ ಅಪ್ಪ ಹೇಳಿಕೊಟ್ಟಿದ್ದ. ಅದನ್ನು ಹೇಳಲು ಬಾಯಿ ತೆರೆದಾಗ ಕಾಶಿನಾಥ ಖುರ್ಚಿ ಕೊಟ್ಟು, ಚಹಾ ತರಿಸಿ, ನಿಮ್ಮಂಥ ಮೇಸ್ತ್ರಿಗಳು ಬದಲಾದರೆ ಊರು ಬದಲಾಗುತ್ತದೆ ಎಂದ. ಮೇಸ್ತ್ರಿ ಎನ್ನಿಸಿಕೊಂಡ ಪಕ್ಕೀರಪ್ಪ ಉಬ್ಬಿಹೋದ. ಅಪ್ಪನ ಮಾಳಿಗೆಗೆ ತಾನೇ ಸಿಮೆಂಟು ಬಳಿದ. ಅಂಗನವಾಡಿಗೇ ಹಾಕ್ಯಾರ ಅಂದಮೇಲೆ ನಮಗೂ ಹಾಕು ಎಂದು ಜನ ಬಂದರು. ಊರಲ್ಲಿ ಹದಿನೆಂಟು ಮನೆಗಳಿಗೆ ಹಾಕಿದ.

ಈಗ ಅವನು ಕಾಶಿನಾಥನನ್ನು ಏಣಿ ಹತ್ತಿಸಿದ. ಸಿಮೆಂಟು ಸಾಲದೆ ಬರೀ ಮಣ್ಣಲ್ಲೇ ಬಿಟ್ಟಿದ್ದ ಒಂದು ಮೂಲೆಯನ್ನು ಅಗೆದು ತೋರಿಸಿದ. ತೊಲೆಗೆ ಕೊಡಲಿ ಕಾವಿನಿಂದ ಹೊಡೆದರೆ ಠಣ್ ಎಂದಿತು. ಅತ್ತ ಸಿಮೆಂಟು ಒಡೆದು ನೋಡಿದರೆ, ಸೀಳಿನಲ್ಲಿ ಇಳಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಮಣ್ಣು ಕೆಸರಾಗಿ ನಾರುತ್ತಿತ್ತು.

“ಸಾಹೇಬ್ರ, ತೊಲಿ ಕೊಳಸಿದ್ದು ಮಣ್ಣಲ್ರಿ. ನೀವು ಹೇಳಿದ್ರಿ, ನಾ ಹಾಕಿದೆ. ಅದನ್ನ ಬರೀರಿ.”

ಅದನ್ನು ಬರೆಯಲು ಈ ಹಾಳೆಯಲ್ಲಿ ಜಾಗವಿಲ್ಲ ಎಂದ ಕಾಶಿನಾಥ. ಆಮೇಲೆ ದನಿ ತಗ್ಗಿಸಿ, ಹಾಗೆ ಬರೆದರೆ ನಾಳೆ ಹದಿನೆಂಟು ಮನೆಯವರು ನಿನ್ನ ಬಾಗಿಲಿಗೇ ಬರುತ್ತಾರೆ, ಸುಮ್ಮನೆ ತಪ್ಪನ್ನು ಮಣ್ಣಿನ ಮೇಲೆ ಹಾಕಿ ಮುಗಿಸು ಎಂದು ಬುದ್ಧಿ ಹೇಳಿದ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ! ಹೌದು, ಮಣ್ಣಿಗೆ ಬಾಯಿಲ್ಲ, ಸಹಿ ಹಾಕಿದರೆ ಪಕ್ಕೀರಪ್ಪನ ಹೆಸರು ಉಳಿಯುತ್ತಿತ್ತು. ಆದರೆ ಆ ಹದಿನೆಂಟು ಮನೆಗಳ ತೊಲೆಗಳ ಕೆಳಗೆ ಜನ ಮಲಗುತ್ತಾರೆ. ಅವನು ಹಾಳೆ ಕಿತ್ತುಕೊಂಡು ಅಂಚಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ: ಸಿಮೆಂಟಿನಿಂದ ಕೊಳೆತಿದೆ, ಹಾಕಿದವನು ಪಕ್ಕೀರಪ್ಪ, ಹಾಕಿಸಿದವರು ಕಾಶಿನಾಥ. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಪಕ್ಕೀರಪ್ಪ ಹಾರೆ ಹಿಡಿದು ನೇರ ಭೀಮಕ್ಕನ ಮನೆಗೆ ನಡೆದ. ಅವನು ಮೊದಲು ಸಿಮೆಂಟು ಹಾಕಿದ ಮನೆ ಅದು. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿತ್ತು, ಮೂರು ತಿಂಗಳ ಮೊಮ್ಮಗಳು ಮಲಗಿದ್ದಳು. ಮಗುವನ್ನು ಎತ್ತಿಕೊಳ್ಳಲು ಹೇಳಿ ತೊಲೆಗೆ ಹಾರೆ ಕೊಟ್ಟ. ಹಾರೆಯ ತುದಿ ಗೇಣುದ್ದ ಒಳಗೆ ಹೋಯಿತು.

ಆಗ ಅವನ ಬಾಯಿಗೆ ತಡೆಯೇ ಇರಲಿಲ್ಲ. ಕಾಶಿನಾಥನನ್ನು ಬೈದ, ಜೀಪನ್ನು ಬೈದ, ಮೂರು ದಿನದ ತರಬೇತಿಯನ್ನು ಬೈದ, ಇಂಜಿನಿಯರ್ ಮಾತು ಕೇಳಿ ಕೆಟ್ಟೆ ಎಂದು ಹಣೆ ಹಣೆ ಬಡಿದುಕೊಂಡ. ಮಗುವನ್ನು ಸೊಸೆಯ ಕೈಗೆ ಕೊಟ್ಟ ಭೀಮಕ್ಕ ತೊಟ್ಟಿಲ ಹಗ್ಗ ಬಿಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಅವನ ಕಡೆ ತಿರುಗಿದಳು.

“ಇಂಜಿನಿಯರ್ ಮಾತು ಕೇಳೂದಿದ್ರ ನಾವು ಇಂಜಿನಿಯರನ್ನ ಕರೀತಿದ್ವಿ, ಪಕ್ಕೀರಪ್ಪ. ನಿಮ್ಮಪ್ಪನ ಮಗ ಅಂತ ನಿನ್ನ ಕರದಿದ್ವಿ.”