ಕಡವಿನಮ್ಮನ ವಾಕಿಟಾಕಿ

ಅವರ ಬಲಗಿವಿಯಲ್ಲಿ ಮಾತ್ರ ಓಲೆ ಇರುತ್ತಿತ್ತು. ಎಡಗಿವಿಯ ತೂತು ಮುಚ್ಚಿಹೋಗದಿರಲಿ ಎಂದು ಒಂದು ಕಡ್ಡಿ ಸಿಕ್ಕಿಸಿಕೊಂಡಿದ್ದರು. ವಾಕಿಟಾಕಿಯನ್ನು ಆ ಕಿವಿಗೇ ಒತ್ತಿಕೊಳ್ಳುವುದರಿಂದ ಓಲೆ ಅದಕ್ಕೆ ಬಡಿದು ಟಿಕ್ ಟಿಕ್ ಎನ್ನುತ್ತದೆ, ಹೇಳಿದ್ದು ಸರಿಯಾಗಿ ಕೇಳುವುದಿಲ್ಲ ಎಂದು ತೆಗೆದಿಟ್ಟಿದ್ದರಂತೆ. ದೋಸೆ ಹುಯ್ಯುವಾಗಲೂ ಕತ್ತನ್ನು ಎಡಕ್ಕೆ ವಾಲಿಸಿ, ಭುಜಕ್ಕೂ ಕಿವಿಗೂ ನಡುವೆ ಆ ಕಪ್ಪು ಸೆಟ್ಟನ್ನು ಹಿಡಿದು ನಿಂತಿರುತ್ತಿದ್ದರು. ಹೊಸಬರು ನೋಡಿದರೆ ಯಾರದೋ ಗುಟ್ಟು ಕೇಳುತ್ತಿದ್ದಾರೆ ಎಂದುಕೊಳ್ಳಬೇಕು.

ನಾನು ಆರೋಗ್ಯ ಸಹಾಯಕಿಯಾಗಿ ಶರಾವತಿ ಹಿನ್ನೀರಿನ ಆಚೆ ದಡದ ಊರುಗಳಿಗೆ ಹೋದಾಗ ಹೊಳೆಬಾಗಿಲಿನ ಸೇತುವೆ ಇನ್ನೂ ಬರೀ ಕಂಬಗಳಾಗಿ ನಿಂತಿತ್ತು. ಲಾಂಚ್ ನಮ್ಮ ಕಡವಿಗೆ, ಎಂದರೆ ನಾವು ನೀರು ದಾಟುವ ಜಾಗಕ್ಕೆ, ಬರುತ್ತಿರಲಿಲ್ಲ. ನಮಗಿದ್ದದ್ದು ಸಣ್ಣ ಎಂಜಿನ್ನಿನ ಒಂದು ದೋಣಿ, ಸಾಗರದ ಕಡೆಯ ದಡದಲ್ಲಿ ಇವರ ಚಹಾದ ಹೋಟೆಲು. ದೋಣಿ ಹತ್ತುವವರು, ಇಳಿಯುವವರು ಎಲ್ಲರೂ ಅವರನ್ನು ಕಡವಿನಮ್ಮ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರಿಗೆ ನಾನು ಕೊನೆಯವರೆಗೂ ‘ಸಿಸ್ಟರೇ’.

ಅವರ ಯಜಮಾನರು ಇದೇ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು. ನಾನು ಅಲ್ಲಿಗೆ ಹೋಗುವ ಎಷ್ಟೋ ಮುಂಚೆ, ಒಂದು ಮಂಜಿನ ಬೆಳಿಗ್ಗೆ ಒಬ್ಬರೇ ಹೋದವರು ಬರಲಿಲ್ಲ. ಮಂಜು ಕರಗಿದ ಮೇಲೆ ದೋಣಿ ಸಿಕ್ಕಿತು. ಮುಳುಗಿದ ಕಾಡಿನ ಮರಗಳು ಸತ್ತು ಬೊಡ್ಡೆಗಳಾಗಿ ನೀರಿನಿಂದ ತಲೆ ಎತ್ತಿ ನಿಂತಿವೆಯಲ್ಲ, ಅವುಗಳ ನಡುವೆ ಸಿಕ್ಕಿಕೊಂಡಿತ್ತು. ಒಳಗೆ ಚಪ್ಪಲಿ ಇದ್ದವು. ದೇಹ ಸಿಗಲೇ ಇಲ್ಲ. ಅಲ್ಲಿ ಮೊಬೈಲಿಗೆ ಸಿಗ್ನಲ್ ಎಂಬುದಿಲ್ಲ. ದಡದಲ್ಲಿ ನಿಂತು ಕೂಗಿದ್ದಷ್ಟೇ ಬಂತು ಎಂದು ಅವರು ಒಮ್ಮೆ ಹೇಳಿದ್ದರು.

ವಾಕಿಟಾಕಿ ತರೋಣ ಎಂದವರು ಅವರೇ. ಊರವರೆಲ್ಲ ಒಪ್ಪಿದ ಮೇಲೆ ನನ್ನನ್ನು ಕರೆದುಕೊಂಡು ಸಾಗರಕ್ಕೆ ಹೋದರು. ಅಂಗಡಿಯವನು ಡಬ್ಬಿಯ ಮೇಲಿದ್ದ ದೊಡ್ಡ ದೊಡ್ಡ ಕಿಲೋಮೀಟರುಗಳನ್ನು ತೋರಿಸಿದ. ಡಬ್ಬಿಯ ಮಾತು ಡಬ್ಬಿಯಲ್ಲೇ ಇರಲಿ ಎಂದು ಇವರು ಒಂದು ಸೆಟ್ಟನ್ನು ನನ್ನ ಕೈಲಿಟ್ಟು, ಅದರ ಜೋಡಿಯನ್ನು ಹಿಡಿದು ಪೇಟೆಯ ಗದ್ದಲದಲ್ಲಿ ಹೊರಟೇಬಿಟ್ಟರು. ಬಸ್‌ಸ್ಟ್ಯಾಂಡಿನಿಂದ ಅವರ ಧ್ವನಿ ಒಡೆದೊಡೆದು ಬಂತು. ಅದು ಬೇಡವೆಂದಾಯಿತು. ಇನ್ನೊಂದು ಬಹಳ ಚೆನ್ನಾಗಿ ಕೇಳುತ್ತಿತ್ತು. ಆದರೆ ಅದಕ್ಕೆ ಸರ್ಕಾರದ ಪರವಾನಗಿ ಬೇಕು ಎಂದು ಗೊತ್ತಾದಾಗ ಮನಸ್ಸಿಲ್ಲದ ಮನಸ್ಸಿನಿಂದ ಅದನ್ನೂ ಕೆಳಗಿಟ್ಟರು. ಕೊನೆಗೆ ಆರಿಸಿದ್ದು ಪರವಾನಗಿ ಬೇಡದ, ಮಳೆಗೆ ಹೆದರದ ಸಾಧಾರಣ ಸೆಟ್ಟುಗಳನ್ನು. ಅವನ್ನು ಆರಿಸಲು ಅವರಿಗಿದ್ದ ಮುಖ್ಯ ಕಾರಣ ಬಟನ್ನು. ಒದ್ದೆ ಕೈಯಲ್ಲಿ, ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿಗೆ ಅದು ಸಿಗಬೇಕಿತ್ತು. ಗುಡ್ಡ ಅಡ್ಡ ಬಂದರೆ ಈ ಸೆಟ್ಟು ನಡೆಯುವುದಿಲ್ಲ, ಬಯಲು ನೀರಿನ ಮೇಲಾದರೆ ಧ್ವನಿ ದೂರ ಹೋಗುತ್ತದೆ ಎಂದ ಅಂಗಡಿಯವನು. ನಮಗಿರೋದು ನೀರೇ ಅಲ್ವಾ ಎಂದರು.

ಮರುದಿನವೇ ದಡದಲ್ಲಿ ನಮಗೆಲ್ಲ ಅವರ ಪಾಠ. ಮೊದಲು ಕಿವಿಗೊಡಬೇಕು, ಬೇರೆ ಯಾರೂ ಮಾತಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಒತ್ತಬೇಕು, ಒಂದು ಉಸಿರು ತಡೆದು ಮಾತು ಶುರುಮಾಡಬೇಕು. ಯಾರನ್ನು ಕರೆಯುತ್ತಿದ್ದೇವೆ, ಕರೆಯುವವರು ಯಾರು ಎಂದು ಹೇಳಬೇಕು. ಮುಗಿದ ಮೇಲೆ ‘ಆಯ್ತು’ ಎನ್ನಬೇಕು. ಒಂದೇ ಸಲ ಇಬ್ಬರು ಒತ್ತಿದರೆ ಹತ್ತಿರದವರ ಮಾತು ದೂರದವರದನ್ನು ನುಂಗಿಹಾಕುತ್ತದೆ ಎಂದು ಇಬ್ಬರನ್ನು ನಿಲ್ಲಿಸಿ ತೋರಿಸಿಯೂ ಕೊಟ್ಟರು. “ಒತ್ತಿದೋರಿಗೆ ಕೇಳಲ್ಲ, ಕೇಳ್ಬೇಕು ಅನ್ನೋರು ಒತ್ಬಾರ್ದು,” ಎಂಬುದು ಅವರ ಗಾದೆಯೇ ಆಗಿಹೋಯಿತು. ಇದರ ಜೊತೆಗೆ, ಕಾಡಿಗೆ ಹೋಗುವವರಿಗೆ ಹಿರಿಯರು ಹೇಳುತ್ತಿದ್ದ ಒಂದು ಮಾತನ್ನೂ ಸೇರಿಸಿದರು. ಹೆಸರು ಹೇಳದ ಕೂಗಿಗೆ ಓಗೊಡಬಾರದು. ನಾವು ನಕ್ಕೆವು. ಅವರು ನಗಲಿಲ್ಲ.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಆಚೆ ದಡದಲ್ಲಿ ನಾನಿದ್ದ ಊರಿನ ಬಾಣಂತಿಯೊಬ್ಬಳು ಮಗುವನ್ನು ಎತ್ತಿಕೊಂಡು ನನ್ನ ಬಾಗಿಲಿಗೆ ಬಂದಳು. ಮಗುವಿನ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು. ಸಾಗರದ ಆಸ್ಪತ್ರೆಗೆ ಹೋಗಲೇಬೇಕಿತ್ತು. ನೀರಿನ ಮೇಲೆ ಮಂಜು ಕೂತಿತ್ತು. ದೋಣಿಯವನು ಬೇರೆ ಊರಿನಿಂದ ಬಂದು ಕೆಲವು ತಿಂಗಳಷ್ಟೇ ಆಗಿತ್ತು. ಅವನು ನೀರನ್ನೂ ಮಗುವನ್ನೂ ನೋಡಿ ಹಗ್ಗ ಬಿಚ್ಚಿದ. ನಾನು ಸೆಟ್ಟಿನಲ್ಲಿ ಕಡವಿನಮ್ಮನಿಗೆ ವಿಷಯ ತಿಳಿಸಿದೆ. ಜೀಪು ನಿಲ್ಲಿಸಿರುತ್ತೇನೆ ಎಂದರು.

ನಡುನೀರಿಗೆ ಬರುವಷ್ಟರಲ್ಲಿ ದೋಣಿಯ ಮೂತಿಯೇ ಕಾಣದಾಯಿತು. ಬೊಡ್ಡೆಗೆ ಬಡಿದರೆ ಕಷ್ಟ ಎಂದು ಅವನು ಎಂಜಿನ್ ನಿಲ್ಲಿಸಿ ಹುಟ್ಟು ಹಿಡಿದ. ದಿಕ್ಕು ತಪ್ಪಿದೆ ಎಂದು ನಾನು ಸೆಟ್ಟಿನಲ್ಲಿ ತಿಳಿಸಿದೆ. ಕಡವಿನಮ್ಮ ಬಟನ್ನು ಒತ್ತಿ, ಇಡ್ಲಿ ಪಾತ್ರೆಯ ಮುಚ್ಚಳವನ್ನು ಸೌಟಿನಿಂದ ಬಡಿಯತೊಡಗಿದರು. ಆ ಠಣ್ ಎಂಬುದು ಮೊದಲು ಸೆಟ್ಟಿನಲ್ಲಿ ಕೇಳಿಸುತ್ತಿತ್ತು. ಒಂದು ಉಸಿರು ಕಳೆದ ಮೇಲೆ ಅದೇ ಶಬ್ದ ಮಂಜಿನೊಳಗಿಂದ, ಬೇರೆ ಯಾವುದೋ ಊರಿನಿಂದ ಎಂಬಂತೆ ಸಣ್ಣಗೆ ಬರುತ್ತಿತ್ತು. “ಎರಡೂ ಶಬ್ದ ಹತ್ರ ಹತ್ರ ಬಂದ್ರೆ ನೀವೂ ಹತ್ರ ಬಂದ್ರಿ ಅಂತ ತಿಳ್ಕಳಿ. ಆಯ್ತು,” ಎಂದರು.

ಹಾಗೆ ಸ್ವಲ್ಪ ದೂರ ಬಂದೆವು. ಆಗ ಸೆಟ್ಟಿನಲ್ಲಿ ಒಬ್ಬ ಗಂಡಸು ಮಾತಾಡಿದ.

“ಬಲಕ್ಕೆ ಬಾ. ಬಲಕ್ಕೆ. ನೀರು ಸಾಫಿದೆ.”

ಗಾಬರಿಯಿಲ್ಲದ, ದಿನಾ ದೋಣಿ ನಡೆಸುವವರ ಧ್ವನಿ ಅದು. ದಡದಲ್ಲಿ ಯಾರೋ ತಿಳಿದವರು ಸಿಕ್ಕಿರಬೇಕು ಎಂದು ನಮ್ಮವನು ಬಲಕ್ಕೆ ಹುಟ್ಟು ಹಾಕಿದ. ಯಾರು ಮಾತಾಡುವುದು ಎಂದು ನಾನು ಕೇಳಿದೆ. ಮತ್ತೆ ಅದೇ ಮಾತು, ಈ ಸಲ ಇನ್ನಷ್ಟು ಹತ್ತಿರದಿಂದ. ಮುಚ್ಚಳದ ಸದ್ದು ನಿಂತುಹೋಗಿತ್ತು. ನಾನು ಕಡವಿನಮ್ಮನನ್ನು ಕರೆದೆ, ಮತ್ತೆ ಮತ್ತೆ ಕರೆದೆ. ಅವರು ಇಲ್ಲವೇ ಇಲ್ಲ ಎನ್ನುವ ಹಾಗೆ ಮೌನ. ದೋಣಿಯ ಪಕ್ಕಕ್ಕೆ ಏನೋ ಕರಕರ ಉಜ್ಜಿತು. ಬಾಣಂತಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

ಆಮೇಲೆ ಅವರ ಧ್ವನಿ ಬಂತು. ಅಷ್ಟು ಒಣಗಿದ ಧ್ವನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ.

“ದೋಣಿಯೋರೇ, ಹೆಸರು ಹೇಳದೋರ ಮಾತು ಕೇಳ್ಬೇಡಿ. ನಾನು ಕಡವಿಂದ ಮಾತಾಡ್ತಿದೀನಿ. ನನ್ನ ಶಬ್ದಕ್ಕೆ ಬನ್ನಿ.”

ಮತ್ತೆ ಠಣ್, ಠಣ್. ಈ ಸಲ ಅವರು ‘ಆಯ್ತು’ ಎನ್ನಲಿಲ್ಲ. ಬಟನ್ನು ಬಿಡಲೂ ಇಲ್ಲ. ಒಂದು ಕೈಯಲ್ಲಿ ಸೆಟ್ಟು ಒತ್ತಿ ಹಿಡಿದು ಇನ್ನೊಂದರಲ್ಲಿ ಬಡಿಯುತ್ತಲೇ, ನಡುನಡುವೆ ನನ್ನನ್ನು ‘ಸಿಸ್ಟರೇ’ ಎಂದು, ಉಳಿದವರನ್ನು ಹೆಸರು ಹಿಡಿದು ಕರೆಯುತ್ತಲೇ ಹೋದರು. ಮಗುವಿಗಿನ್ನೂ ಹೆಸರಿಟ್ಟಿರಲಿಲ್ಲ. ಅದನ್ನು ‘ಪುಟ್ಟಿ’ ಎಂದು ಕರೆದರು. ಆ ಗಂಡಸಿನ ಧ್ವನಿ ಮತ್ತೆ ಕೇಳಲಿಲ್ಲ. ಸೆಟ್ಟಿನ ಸದ್ದೂ ಗಾಳಿಯ ಸದ್ದೂ ಹತ್ತಿರವಾಗುತ್ತಾ ಹೋಗಿ ಕೊನೆಗೆ ಒಂದೇ ಆದವು. ಮಂಜಿನೊಳಗೆ ಅವರ ಸೀರೆಯ ಬಣ್ಣ ಕಂಡಿತು. ದೋಣಿಯ ಮೂತಿ ಮಣ್ಣಿಗೆ ತಾಗಿದ ಮೇಲೂ ಅವರ ಹೆಬ್ಬೆರಳು ಬಟನ್ನಿನ ಮೇಲೇ ಇತ್ತು. ಉಗುರು ಬಿಳಿಚಿಹೋಗಿತ್ತು. ನಾನೇ ಬೆರಳು ಬಿಡಿಸಿ ಜೀಪಿಗೆ ಓಡಿದೆ. ಮಗು ಬದುಕಿತು.

ಕೆಲವು ದಿನ ಕಳೆದು ಬಿಸಿಲಿನಲ್ಲಿ ಅದೇ ನೀರು ದಾಟುವಾಗ ದೋಣಿಯವನು ಕೈ ತೋರಿಸಿದ. ನಾವು ಬಲಕ್ಕೆ ತಿರುಗಿದ್ದ ಕಡೆ ಬೊಡ್ಡೆಗಳು ಒತ್ತೊತ್ತಾಗಿ ನಿಂತಿದ್ದವು. ದಡಕ್ಕೆ ಬಂದವಳು ಕಡವಿನಮ್ಮನ ಎದುರಿಗೆ ಕೂತು ಆ ದಿನದ ಮಾತು ತೆಗೆದೆ. ಪರವಾನಗಿ ಬೇಡದ ಸೆಟ್ಟು ಯಾರು ಬೇಕಾದರೂ ಇಟ್ಟುಕೊಳ್ಳುತ್ತಾರೆ, ಆಚೆ ಎಲ್ಲೋ ಟೆಂಟು ಹಾಕಿದ್ದ ಪ್ರವಾಸಿಗಳು ತಮ್ಮವರ ಜೊತೆ ಮಾತಾಡಿದ್ದು ನಮ್ಮ ಚಾನೆಲ್ಲಿಗೆ ಬಂದಿರಬೇಕು ಎಂದೆ. ನನಗೂ ಅದನ್ನು ನಂಬುವುದು ಬೇಕಿತ್ತು.

“ಇರ್ಬೋದು,” ಎಂದು ಅವರು ಲೋಟ ತೊಳೆದಿಟ್ಟರು. “ಆದ್ರೆ ಸಿಸ್ಟರೇ, ನಮ್ಮ ಯಜಮಾನ್ರ ಧ್ವನಿ ನಂಗೆ ಗೊತ್ತಾಗಲ್ವಾ?”

ನಮ್ಮನ್ನು ಯಾಕೆ ಅಲ್ಲಿಗೆ ಕರೆಯಬೇಕಿತ್ತು ಎಂದು ಮೆಲ್ಲಗೆ ಕೇಳಿದೆ.

“ಕೆಟ್ಟದ್ ಮಾಡೋಕಲ್ಲ. ಅವ್ರ ಮನಸ್ನಲ್ಲಿ ಅಲ್ಲಿ ಇನ್ನೂ ದಾರಿ ಇದೆ ಅಂತ್ಲೇ ಇದೆ.”

ಆ ಬೆಳಿಗ್ಗೆ ನಾನು ಕರೆಯುತ್ತಿದ್ದಾಗ ಅವರು ಯಾಕೆ ಸುಮ್ಮನಿದ್ದರು ಎಂಬುದೂ ಆಗಲೇ ತಿಳಿಯಿತು. ಸೌಟು ಕೈಯಿಂದ ಜಾರಿತ್ತಂತೆ. ಇನ್ನೊಂದು ಮಾತು ಬರಲಿ ಎಂದು ಬಟನ್ನಿನಿಂದ ಬೆರಳು ಎತ್ತಿ ಕೂತುಬಿಟ್ಟಿದ್ದರಂತೆ. ಅಷ್ಟು ವರ್ಷ ಕಾದ ಧ್ವನಿ ಕಿವಿಯಲ್ಲಿತ್ತು. ಆದರೆ ಅದನ್ನು ಕೇಳುತ್ತಾ ಕೂತರೆ ನಾವು ಹೋಗುತ್ತಿದ್ದೆವು, ಒತ್ತಿದರೆ ಯಜಮಾನರು ಹೋಗುತ್ತಿದ್ದರು. “ಏನೋ ಹೇಳೋದಿತ್ತು ಅವ್ರಿಗೆ. ನಾನು ಅವ್ರ ಮಾತಿನ ಮೇಲೆ ಮಾತಾಡ್ಬಿಟ್ಟೆ,” ಎಂದರು. ಬೆರಳು ಬಿಟ್ಟ ಮೇಲೆ ಸೆಟ್ಟಿನಲ್ಲಿ ಬರೀ ಜೊರ್ ಎಂಬ ಸದ್ದಿತ್ತಂತೆ. ಮಂಜು ಬಿದ್ದ ಬೆಳಿಗ್ಗೆಗಳಲ್ಲಿ ಅವರು ಎಷ್ಟೋ ಸಲ ನೀರಿನ ಅಂಚಿಗೆ ಹೋಗಿ ಕಿವಿಗೊಟ್ಟು ನಿಂತದ್ದನ್ನು ಆಮೇಲೆ ಕಂಡಿದ್ದೇನೆ. ನನ್ನನ್ನು ಕಂಡರೆ ಎಂದಿನಂತೆ ಚಹಾಕ್ಕಿಡುತ್ತಿದ್ದರು. ಒಂದು ದಿನವೂ ದೂರಲಿಲ್ಲ.

ನನಗೆ ತೀರ್ಥಹಳ್ಳಿ ಕಡೆ, ಅರಳಸುರಳಿಗೆ ವರ್ಗವಾಯಿತು. ಅವರಿಗೆ ಹೃದಯದ ಕಾಯಿಲೆ ಬಂದು, ಸೆಟ್ಟನ್ನು ದೋಣಿಯವನಿಗೆ ಒಪ್ಪಿಸಿ ಹೊಸನಗರದ ಮಗಳ ಮನೆ ಸೇರಿದರು. ಆಗಾಗ ನೋಡಿಬರುತ್ತಿದ್ದೆ. ಹೋದ ವರ್ಷ ಮಗಳು ಫೋನು ಮಾಡಿ ಬೇಗ ಬರಲು ಹೇಳಿದಳು. ನಾನು ಮುಟ್ಟಿದಾಗ ಮಧ್ಯಾಹ್ನ. ಕೋಣೆಯ ತುಂಬಾ ಜನ. ಮಗಳು ಅಮ್ಮಾ ಅಮ್ಮಾ ಎಂದು ಕರೆಯುತ್ತಿದ್ದಳು. ನಾನೂ ಕೈ ಹಿಡಿದು, ಇಂಥ ಹೊತ್ತಿನಲ್ಲಿ ನಾವು ನರ್ಸುಗಳು ಹೇಳುವ ಧೈರ್ಯದ ಮಾತುಗಳನ್ನೆಲ್ಲ ಹೇಳತೊಡಗಿದೆ.

ಅವರು ಕಣ್ಣು ತೆರೆಯದೆ, “ಸಿಸ್ಟರೇ, ಸ್ವಲ್ಪ ಸುಮ್ನಿರಿ. ಕೇಳ್ತಾ ಇದೆ,” ಎಂದರು.

ನಾನು ಬಾಯಿ ಮುಚ್ಚಿದೆ. ಬಂದವರನ್ನು ಹೊರಗೆ ಕಳಿಸಿದೆ, ಫ್ಯಾನು ನಿಲ್ಲಿಸಿದೆ. ಅಡುಗೆಮನೆಯಲ್ಲಿ ತಿರುಗುತ್ತಿದ್ದ ಮಿಕ್ಸಿಯನ್ನು ನಿಲ್ಲಿಸಲು ಹೇಳಿದೆ, ಅಳುತ್ತಿದ್ದ ಮಗಳನ್ನು ತಬ್ಬಿಕೊಂಡು ಸುಮ್ಮನಾಗಿಸಿದೆ. ಅವರಿಗೆ ನಾನು ತೀರಿಸಬಹುದಾಗಿದ್ದ ಋಣ ಅಷ್ಟೇ. ನನಗೇನೂ ಕೇಳಲಿಲ್ಲ. ಅವರು ಮಾತ್ರ ಬಹಳ ಹೊತ್ತು ಕೇಳಿಸಿಕೊಂಡರು. ನಡುವೆ ಒಮ್ಮೆ, ಎದುರಿಗಿದ್ದವರ ಮಾತಿಗೆ ಅನ್ನುವ ಹಾಗೆ, “ಹ್ಞೂಂ” ಅಂದರು.

ನನ್ನ ಬೆರಳಿನ ಕೆಳಗೆ ನಾಡಿ ನಿಂತಿತು. ಮಗಳು ನನ್ನ ಮುಖ ನೋಡಿದಳು. ನಾನು ಆಗಲೇ ಹೇಳಲಿಲ್ಲ. ಆ ಕಡೆಯ ಮಾತು ಮುಗಿದಿತ್ತೋ ಇಲ್ಲವೋ, ನನಗೆ ಗೊತ್ತಿರಲಿಲ್ಲ.