ಎಳೆ ಕಡಿದ್ರೆ ಮಾತ್ರ

ಮೊಳಕಾಲ್ಮುರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ರೇಷ್ಮೆ ಸೀರೆ ನೇಯುತ್ತಿದ್ದರು. ನೆಂಟರು ಬಂದರೂ ಅವರ ಕೈಕಾಲು ನಿಲ್ಲುತ್ತಿರಲಿಲ್ಲ. "ಕೂತ್ಕಳ್ರಿ, ಎಳೆ ಕಡಿದ್ರೆ ಮಾತ್ರ ಮಗ್ಗ ನಿಲ್ಸೋದು," ಅನ್ನುತ್ತಿದ್ದರು ತಲೆ ಎತ್ತದೆ.

ಒಂಬತ್ತನೇ ಕ್ಲಾಸಿನಲ್ಲಿ ನನಗೆ ವಾರಕ್ಕೊಮ್ಮೆ ಅರ್ಧ ತಲೆ ಸಿಡಿಯುತ್ತಿತ್ತು. ಬೆಳಕು, ಸದ್ದು ಎರಡೂ ತಡೆಯಲಾಗುತ್ತಿರಲಿಲ್ಲ. "ಈ ವಯಸ್ಸಿಗೆ ಎಂಥ ತಲೆನೋವೇ? ಸ್ಕೂಲ್ ತಪ್ಸೋ ನಾಟಕ," ಎನ್ನುತ್ತಿದ್ದಳು ಅವ್ವ. ಒಮ್ಮೆ ಭಾನುವಾರವೇ ನೋವು ಬಂತು. ಹಾಗಾದರೆ ದೃಷ್ಟಿಯೇ ಸರಿ ಎಂದು ಅವಳು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಆ ಘಾಟಿಗೆ ನಾನು ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡೆ.

ಪಕ್ಕದ ಮಗ್ಗದ ಸದ್ದು ನಿಂತಿತು. ಅಜ್ಜ ಹೊರಗೆ ಬಂದು ನನ್ನ ಮುಖ ನೋಡಿದರು. "ನಾಟಕಾನೂ ಅಲ್ಲ, ದೃಷ್ಟಿನೂ ಅಲ್ಲ ಕಣವ್ವ. ನಾಳೆ ಚಳ್ಳಕೆರೆ ಡಾಕ್ಟ್ರಿಗೆ ತೋರ್ಸು. ಈಗ ಕಿಟಕಿ ಹಾಕಿ ಮಲಗ್ಸು," ಎಂದರು ಅವ್ವನಿಗೆ.

ಮದುವೆ ಸೀರೆಗೆ ಬಂದವರು ಅಜ್ಜನ ಜಗುಲಿಯ ಮೇಲೆ ಕಾಯುತ್ತಿದ್ದರು. "ಯಾಕ್ರಿ ನಿಲ್ಸಿದ್ರಿ, ಎಳೆ ಕಡೀತಾ?" ಎಂದು ಅವರು ಕೇಳಿದ್ದು ಕತ್ತಲು ಮಾಡಿದ ಕೋಣೆಯಲ್ಲಿ ಮಲಗಿದ್ದ ನನಗೆ ಕೇಳಿಸಿತು.

"ಹೂಂ, ಕಡ್ದೈತೆ," ಎಂದರು ಅಜ್ಜ. "ನಾಳೆ ಬರ್ರಿ."